ಕೇಳಿದ ಮೇಲೆ ಒಂದಿಷ್ಟು ಹೊತ್ತು ಕೂತಿರಿ

ಮಕ್ಕಳೇ, ಈಚಿನ ವರ್ಷಗಳಲ್ಲಿ ನಿಮ್ಮ ವಯಸ್ಸಿನವರ ಬಾಯಲ್ಲಿ ಒಂದು ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ. "ನಾನು ದೇವರು ದಿಂಡರು ಅಂತ ಹೋಗುವವನಲ್ಲ, ಆದರೆ ದಿನಾ ಮೆಡಿಟೇಶನ್ ಮಾಡ್ತೀನಿ." ಪ್ರಾರ್ಥನೆಯೆಂಬುದು ಅಜ್ಜ ಅಜ್ಜಿಯರ ಕಾಲಕ್ಕೆ ಮುಗಿದ ಸಂಗತಿ, ಧ್ಯಾನವೊಂದೇ ತಿಳಿದವರ ದಾರಿ ಎಂಬ ಭಾವ ಆ ದನಿಯಲ್ಲಿರುತ್ತದೆ. ಇನ್ನೊಂದು ಕಡೆ ವಾರ ತಪ್ಪದೆ ಗುಡಿಗೆ ಹೋಗುವ, ಪರೀಕ್ಷೆಯ ಮುನ್ನಾದಿನ ಹಾಲ್ ಟಿಕೆಟ್ಟನ್ನು ದೇವರ ಮುಂದಿಟ್ಟು ಬರುವ ಹುಡುಗ ಹುಡುಗಿಯರೂ ಇದ್ದಾರೆ. ಅವರನ್ನು ಕೇಳಿದರೆ, "ಕಣ್ಣು ಮುಚ್ಚಿ ಸುಮ್ಮನೆ ಕೂರೋದು ನನ್ನ ಕೈಲಾಗಲ್ಲ, ಅದೆಲ್ಲ ಸನ್ಯಾಸಿಗಳಿಗೆ" ಎನ್ನುತ್ತಾರೆ. ಇಬ್ಬರ ಮಾತು ಕೇಳಿದಾಗಲೂ ನನಗೆ ಕಳವಳವಾಗುತ್ತದೆ. ನೀವು ಹಿಡಿದುಕೊಂಡದ್ದು ಒಳ್ಳೆಯದೇ. ಆದರೆ ಇನ್ನೊಂದನ್ನು ಇಷ್ಟು ಸಲೀಸಾಗಿ ಬಿಟ್ಟುಬಿಟ್ಟಿರಲ್ಲ, ಚಿಂತೆ ಅದರದು.

ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಪ್ರಾರ್ಥನೆಗೆ ಎದುರಿಗೊಬ್ಬರು ಬೇಕು. ಶಿವನೋ, ಹರಿಯೋ, ಅಲ್ಲಾಹನೋ, ಯೇಸುವೋ, ಊರು ಕಾಯುವ ದ್ಯಾಮವ್ವನೋ, ಯಾರೋ ಒಬ್ಬರು ನನ್ನ ಮಾತು ಕೇಳಿಸಿಕೊಳ್ಳುತ್ತಿದ್ದಾರೆ ಎಂಬ ನಂಬಿಕೆಯಿಂದ ಬಾಯಿ ತೆರೆಯುವುದು ಪ್ರಾರ್ಥನೆ. ಅದರಲ್ಲಿ ಬೇಡಿಕೆ ಇರುತ್ತದೆ, ಉಪಕಾರ ಸ್ಮರಣೆ ಇರುತ್ತದೆ, ತಪ್ಪೊಪ್ಪಿಗೆ ಇರುತ್ತದೆ. ನಮ್ಮ ಅವ್ವಂದಿರ ಪ್ರಾರ್ಥನೆಯಲ್ಲಿ ದೇವರೊಡನೆ ಜಗಳವೂ ಇರುತ್ತಿತ್ತು. ಧ್ಯಾನಕ್ಕೆ ಎದುರಿಗೆ ಯಾರೂ ಬೇಕಿಲ್ಲ. ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಗಮನಿಸುತ್ತ ಕೂರುತ್ತೀರಿ. ಮನಸ್ಸು ಎಲ್ಲಿಗೋ ಹೊರಟುಹೋಗುತ್ತದೆ. ಹೋದದ್ದು ಅರಿವಾದ ಕೂಡಲೇ, ಬೈದುಕೊಳ್ಳದೆ, ಮತ್ತೆ ಉಸಿರಿಗೆ ತರುತ್ತೀರಿ. ಮತ್ತೆ ಹೋಗುತ್ತದೆ, ಮತ್ತೆ ತರುತ್ತೀರಿ. ಪ್ರಾರ್ಥನೆಯನ್ನು ನೂರು ಜನ ಒಂದೇ ದನಿಯಲ್ಲಿ ಮಾಡಬಹುದು. ಧ್ಯಾನದ ಕೋಣೆಯಲ್ಲಿ ನೂರು ಜನ ಕೂತಿದ್ದರೂ ಪ್ರತಿಯೊಬ್ಬರೂ ಒಂಟಿ. ಪ್ರಾರ್ಥಿಸುವಾಗ ನಮ್ಮ ಕೈ ಮೀರಿದ್ದು ಬಹಳವಿದೆ ಎಂದು ಒಪ್ಪಿಕೊಳ್ಳುತ್ತೇವೆ. ಧ್ಯಾನಿಸುವಾಗ ನಮ್ಮೊಳಗೆ ಏನೇನಿದೆ ಎಂದು ಕಾಣುತ್ತೇವೆ. ವ್ಯತ್ಯಾಸ ಇಷ್ಟೇ, ಆದರೆ ಸಣ್ಣದಲ್ಲ.

ನಾನು ಉತ್ತರ ಕರ್ನಾಟಕದ ಹಳ್ಳಿಯವನು. ನಮ್ಮ ಕಡೆ ಲಿಂಗಾಯತರ ಮನೆಗಳಲ್ಲಿ ಹಿರಿಯರು ಜಳಕ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದರು. ಮೊದಲು ನೀರು, ವಿಭೂತಿ, ಪತ್ರಿ, ಮಂತ್ರ. ಅಷ್ಟಾದ ಮೇಲೆ ಮಾತು ನಿಲ್ಲುತ್ತಿತ್ತು. ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಲಿಂಗದ ಮೇಲೆ ದೃಷ್ಟಿ ನೆಟ್ಟು ಕೂತುಬಿಡುತ್ತಿದ್ದರು. ಮೊಮ್ಮಕ್ಕಳು ಕೂಗಿದರೂ ಓಗೊಡುತ್ತಿರಲಿಲ್ಲ. ಪೂಜೆ ಮುಗಿಯುವ ತನಕ ರೊಟ್ಟಿ ಮುರಿಯುತ್ತಿರಲಿಲ್ಲ. ಅದು ಪ್ರಾರ್ಥನೆಯೋ ಧ್ಯಾನವೋ ಎಂದು ಯಾರೂ ಅವರನ್ನು ಕೇಳಲಿಲ್ಲ, ಅವರಿಗೂ ಆ ಪ್ರಶ್ನೆ ಬಂದಿರಲಿಕ್ಕಿಲ್ಲ. 12ನೆಯ ಶತಮಾನದ ಶರಣರು ದೇವರನ್ನು ಗುಡಿಯಿಂದ ಅಂಗೈಗೆ ತಂದುಕೊಟ್ಟರು. ಅಂಗೈಯಲ್ಲಿದ್ದವನ ಜೊತೆ ಮಾತನಾಡಲೂಬಹುದು, ಮಾತು ಮುಗಿದ ಮೇಲೆ ಅವನನ್ನೇ ನೋಡುತ್ತ ಸುಮ್ಮನಿರಲೂಬಹುದು.

ಬೇರೆ ಮನೆಗಳಲ್ಲೂ ಹೀಗೇ ಇತ್ತು. ಸಂಧ್ಯಾವಂದನೆ ಮಾಡುವವರು ಪ್ರಾಣಾಯಾಮ ಮಾಡಿ, ಅರ್ಘ್ಯ ಕೊಟ್ಟು, ಗಾಯತ್ರಿ ಜಪಕ್ಕೆ ಕೂರುತ್ತಿದ್ದರು. ವಿಶ್ವಾಮಿತ್ರರ ಹೆಸರಿನಲ್ಲಿ ಬಂದಿರುವ, ಋಗ್ವೇದದ ಮೂರನೆಯ ಮಂಡಲದ ಆ 24 ಅಕ್ಷರಗಳ ಮಂತ್ರದಲ್ಲಿ ಬೆಳಕನ್ನು ಧ್ಯಾನಿಸುವುದೂ ಇದೆ, ನಮ್ಮ ಬುದ್ಧಿಯನ್ನು ಒಳ್ಳೆಯ ಕಡೆಗೆ ನಡೆಸು ಎಂಬ ಬೇಡಿಕೆಯೂ ಇದೆ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆಯಾದರೆ ಎಲ್ಲರೂ ಸೇರಿ ತೇರ್ಸ್ ಹೇಳುತ್ತಾರೆ. ಜಪಸರದ ಮಣಿಗಳು ಬೆರಳಲ್ಲಿ ಸರಿಯುತ್ತಿರುತ್ತವೆ, ಬಾಯಲ್ಲಿ ಒಂದೇ ಪ್ರಾರ್ಥನೆ ಮರಳಿ ಮರಳಿ ಬರುತ್ತದೆ, ಮನಸ್ಸು ಯೇಸು ಮತ್ತು ಮರಿಯಮ್ಮನವರ ಬದುಕಿನ ಒಂದೊಂದು ಘಟ್ಟದಲ್ಲಿ ನಿಲ್ಲಬೇಕು. ಮುಗಿದ ಮೇಲೆ ಕಿರಿಯರು ಹಿರಿಯರ ಆಶೀರ್ವಾದ ಬೇಡುತ್ತಾರೆ. ಕಲಬುರಗಿಯ ಬಂದೇನವಾಜರ ಪರಂಪರೆಯ ಸೂಫಿಗಳಿಗೆ ನಮಾಜಿನ ಜೊತೆಗೆ ಜಿಕ್ರ್ ಇದೆ. ದೇವರ ಹೆಸರನ್ನು ಉಸಿರಿನೊಂದಿಗೆ ಸೇರಿಸಿ ನೆನೆಯುವ ಸಾಧನೆ ಅದು. ಇವರಲ್ಲಿ ಯಾರೂ ಬೇಡುವುದನ್ನು ಒಂದು ಕೋಣೆಯಲ್ಲೂ ಸುಮ್ಮನಿರುವುದನ್ನು ಇನ್ನೊಂದು ಕೋಣೆಯಲ್ಲೂ ಇಟ್ಟವರಲ್ಲ.

ವಿಜ್ಞಾನ ಓದಿದ ನೀವು ಕೇಳುವ ಪ್ರಶ್ನೆ ಗೊತ್ತಿದೆ, ಅದಕ್ಕೂ ಒಂದು ಸಂಗತಿ ಹೇಳುತ್ತೇನೆ. ಇಟಲಿಯ ವೈದ್ಯ ಲುಚಾನೊ ಬೆರ್ನಾರ್ದಿ ಮತ್ತು ಅವರ ಜೊತೆಗಾರರು 23 ಮಂದಿಯನ್ನು ಕೂರಿಸಿ ಒಂದು ಪರೀಕ್ಷೆ ನಡೆಸಿದರು. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಅದನ್ನು ಪ್ರಕಟಿಸಿತು. ಅವರಿಂದ ಲ್ಯಾಟಿನ್ ಭಾಷೆಯಲ್ಲಿ ಜಪಸರದ ಪ್ರಾರ್ಥನೆ ಹೇಳಿಸಿದರು, ಟಿಬೆಟನ್ನರು ಜಪಿಸುವ ಮಣಿಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು 6 ಸಲಕ್ಕೆ ಇಳಿಯಿತು, ಹೃದಯದ ಬಡಿತ ಮತ್ತು ರಕ್ತದೊತ್ತಡದ ಏರಿಳಿತಗಳು ಒಂದು ಲಯಕ್ಕೆ ಬಂದವು. ನಮ್ಮ ಬೈಲಕುಪ್ಪೆಯಲ್ಲಿ ಮಾಲೆ ಹಿಡಿದು ಮಣಿಚಕ್ರ ತಿರುಗಿಸುತ್ತ ನಡೆಯುವ ಟಿಬೆಟನ್ ಅಜ್ಜಿಗೂ, ಮಂಗಳೂರಿನಲ್ಲಿ ತೇರ್ಸ್ ಹೇಳುವ ಅಜ್ಜಿಗೂ ಉಸಿರು ಒಂದೇ ನಡೆ ನಡೆಯುತ್ತದೆ ಎಂದಾಯಿತು. ಅಮೆರಿಕದ ಹೃದ್ರೋಗ ತಜ್ಞ ಹರ್ಬರ್ಟ್ ಬೆನ್ಸನ್ 1975ರಲ್ಲೇ ಈ ಮಾತು ಬರೆದಿದ್ದರು. ಒಂದು ಪದವನ್ನೋ ಪ್ರಾರ್ಥನೆಯನ್ನೋ ಮತ್ತೆ ಮತ್ತೆ ಹೇಳುತ್ತ, ಅಡ್ಡ ಬರುವ ಯೋಚನೆಗಳನ್ನು ಹಾಗೇ ಹೋಗಗೊಟ್ಟರೆ ದೇಹ ತಾನಾಗಿ ಶಾಂತವಾಗುತ್ತದೆ ಎಂದು. ದೇಹಕ್ಕೆ ಸಿಗುವ ವಿಶ್ರಾಂತಿ ಎರಡರಲ್ಲೂ ಒಂದೇ. ಆದರೆ ನೀವು ದೇಹ ಮಾತ್ರ ಅಲ್ಲವಲ್ಲ. ಮನುಷ್ಯನಾಗಿ ಕಲಿಯುವುದು ಎರಡರಲ್ಲೂ ಬೇರೆಬೇರೆ ಇದೆ. ಒಂದನ್ನು ಬಿಟ್ಟರೆ ಆ ಕಲಿಕೆ ಅಷ್ಟು ಕಡಿಮೆಯಾಯಿತು.

ಮೊದಲು ಪ್ರಾರ್ಥನೆಯನ್ನೇ ಹಿಡಿದವರಿಗೆ ಹೇಳುತ್ತೇನೆ. ನಿಮ್ಮಲ್ಲಿ ಬಹಳ ಮಂದಿ ಗುಡಿಯ ಮುಂದೆ ಗಾಡಿ ನಿಲ್ಲಿಸಿ, ಎಂಜಿನ್ ಕೂಡ ಆರಿಸದೆ, ಕೈಮುಗಿದು, ಬೇಕಾದ್ದನ್ನು ಕೇಳಿ ಹೊರಟುಬಿಡುತ್ತೀರಿ. ಬಾವಿಗೆ ಬಿಂದಿಗೆ ಇಳಿಸಿ, ಅದು ನೀರಿಗೆ ಮುಳುಗುವ ಮೊದಲೇ ಹಗ್ಗ ಎಳೆದುಕೊಂಡ ಹಾಗೆ ಅದು. ಕೇಳಿದ ಮೇಲೆ ಒಂದಿಷ್ಟು ಹೊತ್ತು ಅಲ್ಲೇ ಕೂತಿರಿ. ಹಿಂದಿನವರು ದರ್ಶನವಾದ ಕೂಡಲೇ ಹೊರಡುತ್ತಿರಲಿಲ್ಲ. ಗುಡಿಯ ಕಟ್ಟೆಯ ಮೇಲೆ ಐದು ನಿಮಿಷ ಕೂತೇ ಏಳಬೇಕೆಂಬ ವಾಡಿಕೆ ನಮ್ಮೆಲ್ಲ ಊರುಗಳಲ್ಲೂ ಇತ್ತು. ಈಗಲೂ ದೊಡ್ಡವರು ಕೂರುತ್ತಾರೆ, ನೀವು ಅವರಿಗಾಗಿ ಚಪ್ಪಲಿ ಬಿಟ್ಟ ಕಡೆ ಫೋನು ನೋಡುತ್ತ ಕಾಯುತ್ತೀರಿ. ಒಳಗೆ ಹೋಗಿ ಅವರ ಪಕ್ಕದಲ್ಲಿ ಕೂರಿ. ಆ ಐದು ನಿಮಿಷದಲ್ಲಿ, ನಾನು ಕೇಳಿದ್ದು ಕೇಳಬೇಕಾದ್ದೇನಾ ಎಂಬ ಯೋಚನೆ ಬರುತ್ತದೆ. ಅದು ಬರಲೇಬೇಕು.

1884ರಲ್ಲಿ ಕಲ್ಕತ್ತೆಯಲ್ಲಿ ನಿಮ್ಮ ವಯಸ್ಸಿನ ಒಬ್ಬ ಹುಡುಗನಿದ್ದ. 21 ವರ್ಷ. ವಕೀಲರಾಗಿದ್ದ ತಂದೆ ವಿಶ್ವನಾಥ ದತ್ತರು ಸಾಲ ಬಿಟ್ಟು ಇದ್ದಕ್ಕಿದ್ದಂತೆ ತೀರಿಕೊಂಡರು. ಮನೆಯಲ್ಲಿ ತಾಯಿ, ತಮ್ಮಂದಿರು. ಒಲೆ ಹೊತ್ತುವುದೇ ಕಷ್ಟ. ಡಿಗ್ರಿ ಓದಿದ ಹುಡುಗ ಬಿಸಿಲಲ್ಲಿ ಬರಿಗಾಲಲ್ಲಿ ಕೆಲಸ ಕೇಳಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದ. ಈ ಅಲೆದಾಟ ಏನೆಂದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅವನು ಬ್ರಾಹ್ಮ ಸಮಾಜಕ್ಕೆ ಹೋಗುತ್ತಿದ್ದವನು, ವಿಗ್ರಹದ ಮುಂದೆ ಕೈಮುಗಿಯುವುದನ್ನು ಒಪ್ಪುತ್ತಿರಲಿಲ್ಲ. ಧ್ಯಾನವೋ, ಬಾಲ್ಯದಿಂದಲೇ ಅವನಿಗೆ ಒಲಿದಿತ್ತು. ಮನೆಯ ಕಷ್ಟ ತಡೆಯಲಾರದೆ, ತನ್ನವರಿಗಾಗಿ ಕಾಳಿಯನ್ನು ಕೇಳಿಕೊಡಿ ಎಂದು ರಾಮಕೃಷ್ಣ ಪರಮಹಂಸರನ್ನು ಬೇಡಿದ. ನೀನೇ ಹೋಗಿ ಕೇಳು ಎಂದು ಅವರು ಕಳಿಸಿದರು. ದಕ್ಷಿಣೇಶ್ವರದ ಗುಡಿಯೊಳಗೆ ಹೋದ ನರೇಂದ್ರ ಕಾಳಿಯ ಮುಂದೆ ನಿಂತಾಗ ದುಡ್ಡು ಕಾಸಿನ ಮಾತೇ ಮರೆತು, ವಿವೇಕ, ವೈರಾಗ್ಯ, ಜ್ಞಾನ, ಭಕ್ತಿ ಕೊಡು ಎಂದು ಕೇಳಿ ಬಂದ. ಗುರುಗಳು ಮತ್ತೆ ಕಳಿಸಿದರು. ಮತ್ತೆ ಹಾಗೇ ಆಯಿತು. ಮೂರನೆಯ ಸಲ ಮರೆಯಲಿಲ್ಲ, ಆದರೆ ಇಂಥ ಸಣ್ಣದನ್ನು ಕೇಳುವುದೇ ಎಂದು ನಾಚಿಕೆಯಾಯಿತು. ಕೊನೆಗೆ ರಾಮಕೃಷ್ಣರೇ, ನಿನ್ನ ಮನೆಯವರಿಗೆ ಸಾದಾ ಅನ್ನ ಬಟ್ಟೆಗೆ ಕೊರತೆಯಾಗದು ಎಂದು ಹರಸಿದರು.

ಇದರಲ್ಲಿ ನೀವು ಗಮನಿಸಬೇಕಾದ್ದು ಪವಾಡವನ್ನಲ್ಲ. ಆ ಕಷ್ಟದ ದಿನಗಳಲ್ಲಿ ಅವನು ವಕೀಲರ ಕಚೇರಿಯಲ್ಲಿ ದುಡಿದ, ಅನುವಾದ ಮಾಡಿದ, ವಿದ್ಯಾಸಾಗರರ ಶಾಲೆಯಲ್ಲಿ ಪಾಠ ಹೇಳಿದ, ಕೈಕಟ್ಟಿ ಕೂರಲಿಲ್ಲ. ಗಮನಿಸಬೇಕಾದ್ದು ಎಂದರೆ, ಬೇಡುವ ಜಾಗದಲ್ಲಿ ಅವನು ನಿಂತ ರೀತಿ. ಮನಸ್ಸು ನಿಲ್ಲಿಸಲು ಬಲ್ಲವನು ದೇವರ ಮುಂದೆ ನಿಂತಾಗ ಅವನ ಬೇಡಿಕೆಯೇ ಬದಲಾಯಿತು. ತಲೆಬಾಗಲು ಒಲ್ಲದಿದ್ದ ಧ್ಯಾನಿ ಅಂದು ಬಾಗುವುದನ್ನೂ ಕಲಿತ. ಆ ನರೇಂದ್ರನೇ ಮುಂದೆ ವಿವೇಕಾನಂದರಾದದ್ದು. ಕುವೆಂಪು ಅವರು ಬರೆದ ವಿವೇಕಾನಂದರ ಜೀವನಚರಿತ್ರೆ ಊರಿನ ಗ್ರಂಥಾಲಯದಲ್ಲಿ ಸಿಗುತ್ತದೆ, ತಂದು ಓದಿ.

ಹರಕೆ ಹೊರುವವರನ್ನು ಕಂಡು ನಿಮಗೆ ಅಸಡ್ಡೆ ಬರಬಹುದು, ದೇವರ ಜೊತೆಗೆ ವ್ಯಾಪಾರವೇ ಎಂದು. ನಾನು ಹಾಗೆ ನೋಡುವುದಿಲ್ಲ. ಮಗುವಿನ ಜ್ವರ ಇಳಿದರೆ ನಡೆದುಕೊಂಡು ಜಾತ್ರೆಗೆ ಬರುತ್ತೇನೆ ಎಂದ ತಾಯಿ, ಜ್ವರ ಇಳಿದ ಮೇಲೂ ಆ ಮಾತು ಮರೆಯುತ್ತಿರಲಿಲ್ಲ. ಕಷ್ಟದಲ್ಲಿ ಆಡಿದ ಮಾತನ್ನು ಸುಖದಲ್ಲಿ ನಡೆಸುವುದು ಸುಲಭವಲ್ಲ. ನನಗೆ ಭಯವಾಗುವುದು ಬೇಡಿ, ಸಿಕ್ಕಿ, ಮರೆಯುವ ನಮ್ಮ ಈಗಿನ ಅಭ್ಯಾಸದ ಬಗ್ಗೆ.

ಇನ್ನೊಂದು ಅಭ್ಯಾಸದ ಬಗ್ಗೆಯೂ ಹೇಳಬೇಕು. ಗೆಳೆಯನ ತಂದೆಗೆ ಆಪರೇಶನ್ ಎಂದು ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬರುತ್ತದೆ. ಅರೆಕ್ಷಣದಲ್ಲಿ ನಲವತ್ತು ಜನ ಕೈಮುಗಿದ ಚಿತ್ರ ಕಳಿಸುತ್ತಾರೆ. ಅವರಲ್ಲಿ ಎಷ್ಟು ಜನ ಒಂದು ಗಳಿಗೆ ಕಣ್ಣುಮುಚ್ಚಿ ಆ ಮನುಷ್ಯನನ್ನು ನೆನೆದರು? ಹಿಂದೆ ಊರಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ದೇವರಿಗೆ ದೀಪ ಹಚ್ಚಿದವರೇ ಸಂಜೆ ಗಂಜಿ ಹಿಡಿದುಕೊಂಡು ಆ ಮನೆಗೆ ಹೋಗುತ್ತಿದ್ದರು. ಹರ್ಬರ್ಟ್ ಬೆನ್ಸನ್ ಹೆಸರು ಹೇಳಿದೆನಲ್ಲ, ಅವರ ನೇತೃತ್ವದ ಒಂದು ದೊಡ್ಡ ಅಧ್ಯಯನ 2006ರಲ್ಲಿ ಹೊರಬಂತು. ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 1,802 ರೋಗಿಗಳಲ್ಲಿ ಕೆಲವರಿಗಾಗಿ, ಅವರನ್ನು ಕಂಡೇ ಇರದ ಜನ ದೂರದಿಂದ ಪ್ರಾರ್ಥಿಸಿದರು. ಅದರಿಂದ ಚೇತರಿಕೆಯಲ್ಲಿ ಯಾವ ಲಾಭವೂ ಕಾಣಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದಿದ್ದವರಲ್ಲಿ ತೊಡಕುಗಳು ತುಸು ಹೆಚ್ಚೇ ಕಂಡವು. ಇದನ್ನು ಮುಚ್ಚಿಟ್ಟು ನಿಮಗೆ ಪ್ರಾರ್ಥನೆಯನ್ನು ಹೊಗಳಲು ನನಗೆ ಮನಸ್ಸಿಲ್ಲ. ಪ್ರಾರ್ಥನೆ ದೂರದಿಂದ ಕೊಡುವ ಔಷಧಿಯಲ್ಲ. ಅದು ಮೊದಲು ತಟ್ಟುವುದು ಪ್ರಾರ್ಥಿಸುವವನನ್ನು. ನಿಜವಾಗಿ ತಟ್ಟಿದ್ದರೆ ಅವನು ಎದ್ದು ಆಸ್ಪತ್ರೆಗೆ ಹೋಗುತ್ತಾನೆ, ರಾತ್ರಿ ರೋಗಿಯ ಪಕ್ಕದಲ್ಲಿ ಕೂರಲು ಜನವಿದ್ದಾರಾ ಎಂದು ಕೇಳುತ್ತಾನೆ. ಆದ್ದರಿಂದ ಆ ಚಿತ್ರ ಕಳಿಸುವ ಮುಂಚೆ ಒಂದು ನಿಮಿಷ ಅವರ ಹೆಸರು ಹಿಡಿದು ನೆನೆಯಿರಿ. ಆಮೇಲೆ ಫೋನು ಮಾಡಿ.

ಈಗ ಧ್ಯಾನವನ್ನೇ ಹಿಡಿದವರಿಗೆ. ನಿಮ್ಮ ಬಗ್ಗೆ ನನ್ನ ಚಿಂತೆ ಇನ್ನೂ ಹೆಚ್ಚು, ಏಕೆಂದರೆ ನಿಮಗೆ ಏನೂ ತಪ್ಪಿಲ್ಲವೆಂಬ ನಿಶ್ಚಿಂತೆ ಇದೆ. ಮೊಬೈಲಿನ ಆ್ಯಪ್ ಇಷ್ಟು ದಿನ ಸತತವಾಗಿ ಕೂತಿರಿ ಎಂದು ಲೆಕ್ಕ ಇಟ್ಟು ಶಭಾಸ್ ಹೇಳುತ್ತದೆ. ಕಂಪನಿಯವರು ಮಧ್ಯಾಹ್ನ ಹತ್ತು ನಿಮಿಷ ಕಣ್ಣುಮುಚ್ಚಿಸಿ ಕೂರಿಸುತ್ತಾರೆ, ಆಮೇಲೆ ರಾತ್ರಿ ಹನ್ನೊಂದರವರೆಗೆ ದುಡಿಸುತ್ತಾರೆ. ನಿದ್ದೆ ಬಾರದಿರುವುದಕ್ಕೆ ಕಾರಣ ಆ ದುಡಿತವೇ ಆಗಿದ್ದರೆ ಧ್ಯಾನದಿಂದ ಅದನ್ನು ಸಹಿಸಿಕೊಳ್ಳುವುದನ್ನು ಕಲಿಯಬೇಡಿ; ಕೆಲಸದ ಹೊತ್ತಿನ ಬಗ್ಗೆ ಬಾಯಿಬಿಟ್ಟು ಮಾತಾಡಿ, ಆಗದಿದ್ದರೆ ಬೇರೆ ಕೆಲಸ ನೋಡಿ. ಅನ್ಯಾಯವನ್ನು ಸದ್ದಿಲ್ಲದೆ ನುಂಗುವುದನ್ನು ಕಲಿಸಲೆಂದು ಯಾವ ಋಷಿಯೂ ಧ್ಯಾನವನ್ನು ಹೇಳಿಕೊಟ್ಟಿಲ್ಲ.

ಪತಂಜಲಿಯ ಯೋಗದಲ್ಲಿ ಎಂಟು ಅಂಗಗಳಿವೆ, ಧ್ಯಾನ ಏಳನೆಯದು. ಮೊದಲನೆಯದು ಯಮ, ಅಹಿಂಸೆ, ಸತ್ಯ, ಕದಿಯದಿರುವುದು ಇವೆಲ್ಲ ಅದರಲ್ಲಿ ಬರುತ್ತವೆ. ಎರಡನೆಯದು ನಿಯಮ, ಅದರ ಐದರಲ್ಲಿ ಕೊನೆಯದು ಈಶ್ವರ ಪ್ರಣಿಧಾನ, ಎಂದರೆ ತನಗಿಂತ ದೊಡ್ಡದಕ್ಕೆ ತನ್ನನ್ನು ಒಪ್ಪಿಸಿಕೊಳ್ಳುವುದು. ಕಣ್ಣುಮುಚ್ಚಿ ಕೂರುವ ಮೊದಲು ನಾಲಿಗೆ ಸರಿಯಿರಲಿ, ಕೈ ಸರಿಯಿರಲಿ, ತಲೆ ಸ್ವಲ್ಪ ಬಾಗಿರಲಿ ಎಂದು ಅಲ್ಲಿ ಕ್ರಮವಿದೆ. ನೀವು ನೇರವಾಗಿ ಏಳನೆಯದರಿಂದ ಶುರುಮಾಡಿದ್ದೀರಿ.

"ಆದರೆ ನಾನು ದೇವರನ್ನು ನಂಬುವುದಿಲ್ಲ" ಎನ್ನುವವರು ನಿಮ್ಮಲ್ಲಿದ್ದಾರೆ. ನಂಬಿ ಎಂದು ನಾನು ಒತ್ತಾಯಿಸುವುದಿಲ್ಲ. ಸೃಷ್ಟಿಕರ್ತನನ್ನು ಒಪ್ಪದ ದಾರಿಗಳಲ್ಲೂ ಬಾಗುವುದು ಹೇಗಿದೆ ಎಂದು ನೋಡಿ, ಅಷ್ಟು ಸಾಕು. ಬರ್ಮಾದ ಮಾಂಡಲೆಯಲ್ಲಿ 1924ರಲ್ಲಿ ಹುಟ್ಟಿದ ಸತ್ಯನಾರಾಯಣ ಗೋಯೆಂಕಾ ದೊಡ್ಡ ವ್ಯಾಪಾರಿ. ತಡೆಯಲಾರದ ಅರೆತಲೆನೋವು ಅವರಿಗೆ, ಮಾರ್ಫಿನ್ ಚುಚ್ಚಿಸಿಕೊಳ್ಳಬೇಕಾದಷ್ಟು. ಸಯಾಜಿ ಊ ಬಾ ಖಿನ್ ಎಂಬ ಗುರುಗಳ ಬಳಿ ವಿಪಶ್ಯನ ಕಲಿಯಲು ಹೋದರು. ಆ ಗುರುಗಳು ಮಠದವರಲ್ಲ, ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್ ಆಗಿದ್ದವರು. ಬರೀ ತಲೆನೋವು ಹೋಗಲೆಂದು ಬರುವುದಾದರೆ ಸೇರಿಸಿಕೊಳ್ಳಲಾರೆ, ಅದು ಈ ವಿದ್ಯೆಯ ಬೆಲೆ ಕಳೆದಂತೆ ಎಂದು ಗುರುಗಳು ಹೇಳಿದ್ದನ್ನು ಗೋಯೆಂಕಾ ಮುಂದೆ ಎಷ್ಟೋ ಸಲ ನೆನೆದಿದ್ದಾರೆ. 1969ರಲ್ಲಿ ಭಾರತಕ್ಕೆ ಬಂದ ಅವರು ಇಗತ್‌ಪುರಿಯಲ್ಲಿ ಕೇಂದ್ರ ಕಟ್ಟಿದರು. ಬೆಂಗಳೂರಿನ ಹೊರವಲಯದಲ್ಲೂ ಒಂದಿದೆ. 10 ದಿನಗಳ ಶಿಬಿರ, ಬೆಳಗಿನ 4ಕ್ಕೆ ಗಂಟೆ, ಫೋನು ಒಪ್ಪಿಸಬೇಕು, ಮಾತಿಲ್ಲ, ಶುಲ್ಕವೂ ಇಲ್ಲ. ಇಷ್ಟು ಕಟ್ಟುನಿಟ್ಟಾದ ಧ್ಯಾನ ಶುರುವಾಗುವುದು ಬುದ್ಧ, ಧಮ್ಮ, ಸಂಘಗಳಿಗೆ ಶರಣು ಹೇಳಿ, ಐದು ಶೀಲಗಳನ್ನು ಒಪ್ಪಿಕೊಂಡು. ಹತ್ತನೆಯ ದಿನ ಕಲಿಸುವುದು ಮೈತ್ರಿಭಾವನೆ, ಎಲ್ಲ ಜೀವಿಗಳಿಗೂ ಒಳಿತಾಗಲಿ ಎಂದು ಮನಸಾರೆ ಹಾರೈಸುವುದು. ದೇವರ ಹೆಸರಿಲ್ಲದಿದ್ದರೂ ಮೊದಲು ಬಾಗುವುದಿದೆ, ಕೊನೆಗೆ ಹಾರೈಸುವುದಿದೆ. ಜೈನರ ಣಮೋಕಾರ ಮಂತ್ರವನ್ನೂ ನೋಡಿ. ಅದರಲ್ಲಿ ಏನನ್ನೂ ಬೇಡುವುದಿಲ್ಲ, ಒಬ್ಬ ವ್ಯಕ್ತಿಯ ಹೆಸರೂ ಇಲ್ಲ. ಅರಹಂತರಿಂದ ಹಿಡಿದು ಎಲ್ಲ ಸಾಧುಗಳವರೆಗೆ ನಮಸ್ಕಾರ ಮಾತ್ರ. ಆ ನಮಸ್ಕಾರ ಹೇಳಿ ಅವರು 48 ನಿಮಿಷದ ಸಾಮಾಯಿಕವೆಂಬ ಧ್ಯಾನಕ್ಕೆ ಕೂರುತ್ತಾರೆ.

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ನೀವು ಶಾಲೆಯ ಪ್ರವಾಸದಲ್ಲಿ ಹತ್ತಿರುತ್ತೀರಿ. ಗಂಗರ ಮಂತ್ರಿ ಚಾವುಂಡರಾಯ 10ನೆಯ ಶತಮಾನದ ಕೊನೆಯ ಹೊತ್ತಿಗೆ ಮಾಡಿಸಿದ ಸುಮಾರು 58 ಅಡಿಯ ಗೊಮ್ಮಟ. ಫೋಟೋ ತೆಗೆದುಕೊಂಡು ಇಳಿದುಬಿಟ್ಟಿದ್ದರೆ ಇನ್ನೊಮ್ಮೆ ಹೋಗಿ ಸಾವಕಾಶವಾಗಿ ನೋಡಿ. ಧ್ಯಾನದ ಅಷ್ಟು ದೊಡ್ಡ ಮೂರ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಣ್ಣ ಭರತನನ್ನು ಗೆದ್ದು, ಗೆದ್ದ ರಾಜ್ಯವನ್ನು ಅಲ್ಲೇ ಬಿಟ್ಟು, ಬಾಹುಬಲಿ ಒಂದು ವರ್ಷ ಅಲುಗದೆ ನಿಂತ. ಕಾಲ ಬಳಿ ಹುತ್ತ ಬೆಳೆಯಿತು, ತೋಳಿಗೆ ಬಳ್ಳಿ ಹಬ್ಬಿತು. ಶಿಲ್ಪಿ ಅದನ್ನೆಲ್ಲ ಕೆತ್ತಿದ್ದಾನೆ. ಅಷ್ಟು ನಿಂತರೂ ಕೇವಲಜ್ಞಾನ ದೊರಕಲಿಲ್ಲ. ತಾನು ಮೆಟ್ಟಿ ನಿಂತ ನೆಲ ಅಣ್ಣನದು ಎಂಬ ಒಂದು ಸಣ್ಣ ಮುಳ್ಳು ಮನಸ್ಸಿನಲ್ಲಿ ಉಳಿದಿತ್ತು ಎಂದು ನಮ್ಮಲ್ಲಿ ಕಥೆ ಹೇಳುತ್ತಾರೆ. ಭರತ ಚಕ್ರವರ್ತಿ ತಾನೇ ಬಂದು ತಮ್ಮನಿಗೆ ತಲೆಬಾಗಿ ಪೂಜಿಸಿದಾಗ ಆ ಮುಳ್ಳು ಹೋಯಿತು.

ಈ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ವಯಸ್ಸಾದಷ್ಟೂ ಹೆಚ್ಚು ಯೋಚಿಸುವಂತೆ ಮಾಡುತ್ತದೆ. ಅಂಥ ಧ್ಯಾನಿಗೂ ಒಳಗಿನ ಕೊನೆಯ ಗಂಟು ತಾನೊಬ್ಬನೇ ನಿಂತು ಬಿಚ್ಚಲಾಗಲಿಲ್ಲ. ಇನ್ನೊಬ್ಬ ಬರಬೇಕಾಯಿತು, ಬಾಗಬೇಕಾಯಿತು. ಬಾಗಿದವನು ತಮ್ಮನ ಮೇಲೆ ಚಕ್ರವನ್ನೇ ಬಿಟ್ಟಿದ್ದ ಅಣ್ಣ ಎಂಬುದನ್ನೂ ಮರೆಯಬೇಡಿ. ನೀವು ದಿನಕ್ಕೆ ಅರ್ಧ ಗಂಟೆ ಕೂರುತ್ತೀರಿ, ಸಂತೋಷ. ಅಣ್ಣನ ಜೊತೆ ಮಾತು ಬಿಟ್ಟು ಎಷ್ಟು ವರ್ಷವಾಯಿತು? ಮನೆಯಲ್ಲಿ ಅವ್ವ ಏನಾದರೂ ಕೇಳಿದರೆ, "ನನ್ನ ಶಾಂತಿ ಕೆಡಿಸಬೇಡ" ಎಂದು ಬಾಗಿಲು ಹಾಕಿಕೊಳ್ಳುತ್ತೀರಾ? ಹಾಗಿದ್ದರೆ ನಿಮ್ಮ ಧ್ಯಾನ ನಿಮ್ಮನ್ನು ನಿಮ್ಮ ಸುತ್ತಲೇ ತಿರುಗಿಸುತ್ತಿದೆ. ಕೂರುವ ಮುಂಚೆ ಯಾರಿಗಾದರೂ ನಮಸ್ಕಾರ ಮಾಡಿ. ಏಳುವ ಮುಂಚೆ ನಿಮಗೆ ಆಗದವರೊಬ್ಬರ ಹೆಸರು ಹೇಳಿ, ಅವರಿಗೆ ಒಳ್ಳೆಯದಾಗಲಿ ಎನ್ನಿ. ಮೊದಮೊದಲು ಬಾಯಿಗೆ ಬರುವುದಿಲ್ಲ. ಬಾರದಿದ್ದರೂ ಹೇಳಿ.

ಒಟ್ಟಾಗಿ ಪ್ರಾರ್ಥಿಸುವುದನ್ನು ನೀವು ಕಳೆದುಕೊಂಡಿರುವುದು ನನಗೆ ಬಹಳ ನೋವಿನ ಸಂಗತಿ. 1972ರ ಬರ ಕಂಡವನು ನಾನು. ಮಳೆ ಕೈಕೊಟ್ಟಾಗ ನಮ್ಮ ಕಡೆ ಗುರ್ಜಿ ಆಡುತ್ತಿದ್ದರು. ರೊಟ್ಟಿಯ ಹಂಚಿನ ಮೇಲೆ ಸಗಣಿಯ ಗುರ್ಜಿಯನ್ನಿಟ್ಟು, ಒಬ್ಬ ಅದನ್ನು ತಲೆಯ ಮೇಲೆ ಹೊತ್ತು, ಹುಡುಗರೆಲ್ಲ ಹಿಂದೆ ಹಾಡುತ್ತ ಮನೆಮನೆಗೆ ಹೋಗುವುದು. ಮನೆಯವರು ಅದರ ಮೇಲೆ ನೀರು ಸುರಿದು, ಇದ್ದರೆ ಜೋಳವೋ ಹಿಟ್ಟೋ ನೀಡುತ್ತಿದ್ದರು. ಕೂಡಿಬಂದದ್ದನ್ನು ಅಡುಗೆ ಮಾಡಿ ಎಲ್ಲರೂ ಉಣ್ಣುವುದು. ಗುರ್ಜಿ ಆಡಿದ್ದಕ್ಕೆ ಮಳೆ ಬಂತೆಂದು ನಾನು ಹೇಳುವುದಿಲ್ಲ. ಆದರೆ ಪ್ರತಿ ಮನೆಯ ಬಾಗಿಲಿಗೆ ಹೋದಾಗ ಯಾರ ಹಗೇವು ಬರಿದಾಗಿದೆ, ಯಾರ ಮನೆಯಲ್ಲಿ ನೀಡಲು ಹಿಡಿ ಹಿಟ್ಟಿಲ್ಲ ಎಂದು ಊರಿಗೇ ತಿಳಿಯುತ್ತಿತ್ತು. ಅಂದಿನ ಊಟದಲ್ಲಿ ಆ ಮನೆಯವರೂ ಕೂರುತ್ತಿದ್ದರು. ಈಗ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಬಾಗಿಲಿನವರ ಹೆಸರು ನಿಮಗೆ ಗೊತ್ತಿಲ್ಲ.

ಗಾಂಧೀಜಿಯ ಸಂಜೆಯ ಪ್ರಾರ್ಥನಾ ಸಭೆಗಳ ಬಗ್ಗೆ ಓದಿ. ಗೀತೆ, ಕುರಾನು, ಪಾರ್ಸಿ ಪ್ರಾರ್ಥನೆ, ಭಜನೆ, ರಾಮಧುನ್, ಮೌನ, ಎಲ್ಲವೂ ಅದರಲ್ಲಿದ್ದವು. 1947ರ ಏಪ್ರಿಲ್‌ನಲ್ಲಿ, ದೇಶ ಹೊತ್ತಿ ಉರಿಯುತ್ತಿದ್ದಾಗ, ದೆಹಲಿಯ ವಾಲ್ಮೀಕಿ ಮಂದಿರದ ಸಭೆಯಲ್ಲಿ ಕುರಾನು ಓದಬಾರದೆಂದು ಕೆಲವರು ತಡೆದರು. ಅದೊಂದನ್ನು ಬಿಟ್ಟು ಉಳಿದದ್ದನ್ನು ಓದಿ ಮುಗಿಸಬಹುದಿತ್ತು. ಗಾಂಧೀಜಿ ಆ ದಿನ ಪ್ರಾರ್ಥನೆಯನ್ನೇ ನಿಲ್ಲಿಸಿದರು. ಒಬ್ಬರನ್ನು ಹೊರಗಿಟ್ಟು ದೇವರನ್ನು ಕರೆಯಲು ಅವರಿಗೆ ಮನಸ್ಸಾಗಲಿಲ್ಲ. ಇಷ್ಟು ಜನರ ಜೊತೆ ದನಿಗೂಡಿಸಿ ಪ್ರಾರ್ಥಿಸಿದ ಆ ಮನುಷ್ಯ ಪ್ರತಿ ಸೋಮವಾರ ಮೌನವಾಗಿರುತ್ತಿದ್ದರು. 1948ರ ಜನವರಿ 30ರಂದು ಸರ್ದಾರ್ ಪಟೇಲರೊಡನೆ ಮಾತು ಬೆಳೆದು ಪ್ರಾರ್ಥನೆಗೆ ಕೆಲವು ನಿಮಿಷ ತಡವಾದಾಗ, ತಡವಾಯಿತಲ್ಲ ಎಂದು ನೊಂದುಕೊಂಡೇ ಅವರು ಹೆಜ್ಜೆ ಹಾಕಿದ್ದು.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಮನಸ್ಸಿಗೆ ಕಾಯಿಲೆಯಾದಾಗ ಪ್ರಾರ್ಥನೆಯನ್ನಾಗಲಿ ಧ್ಯಾನವನ್ನಾಗಲಿ ವೈದ್ಯರ ಜಾಗದಲ್ಲಿ ಕೂರಿಸಬೇಡಿ. ವಾರಗಟ್ಟಲೆ ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ, ಬದುಕು ಬೇಡವೆನಿಸುತ್ತಿದೆ, ಇಲ್ಲದ ದನಿಗಳು ಕೇಳುತ್ತಿವೆ ಎಂದಾದರೆ ಗಂಟೆಗಟ್ಟಲೆ ಕಣ್ಣುಮುಚ್ಚಿ ಕೂತರೆ ಕೆಲವರಿಗೆ ಅದು ಹೆಚ್ಚೇ ಆಗುತ್ತದೆ. ಅಂಥ ಹೊತ್ತಿನಲ್ಲಿ ದೀರ್ಘ ಶಿಬಿರಗಳಿಗೆ ಹೋಗಬೇಡಿ, ವೈದ್ಯರ ಬಳಿ ಹೋಗಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416; ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಗುಡಿಗೆ ಹೋಗಲು ನಾಚಿಕೆಪಡದವರು ಅಲ್ಲಿಗೆ ಫೋನು ಮಾಡಲೂ ನಾಚಿಕೆಪಡಬೇಡಿ.

ಮಾಡುವುದು ಹೇಗೆ ಎಂದು ಕೇಳುತ್ತೀರಿ. ದಿನದಲ್ಲಿ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ, ಬೆಳಿಗ್ಗೆ ಫೋನು ಮುಟ್ಟುವ ಮೊದಲಾದರೆ ಒಳ್ಳೆಯದು. ಕಾಲು ಮಡಚಿ ಕೂರಲು ಆಗದಿದ್ದರೆ ಕುರ್ಚಿಯಲ್ಲಿ ಕೂರಿ. ನಿಮ್ಮ ಮನೆಯಲ್ಲಿ ಹಿರಿಯರು ಹೇಳಿಕೊಂಡು ಬಂದ ಪ್ರಾರ್ಥನೆ ಯಾವುದೋ ಅದನ್ನೇ ಹೇಳಿ. ಗೊತ್ತಿಲ್ಲದಿದ್ದರೆ ಇಂದೇ ಅವರ ಹತ್ತಿರ ಕೇಳಿ ಬಾಯಿಪಾಠ ಮಾಡಿಕೊಳ್ಳಿ, ಅವರಿಗೂ ಹಿಗ್ಗಾಗುತ್ತದೆ. ನಂಬಿಕೆ ಇಲ್ಲದವರು, ಈ ದಿನಕ್ಕೆ ನನಗೆ ಅನ್ನ ಬೆಳೆದವರಿಗೆ, ನೀರು ತಂದವರಿಗೆ, ಬೀದಿ ಗುಡಿಸಿದವರಿಗೆ ನಮಸ್ಕಾರ ಎಂದರೂ ಸಾಕು. ನಿಮಗೆ ಬೇಕಾದ್ದನ್ನು ಕೇಳುವುದಿದ್ದರೆ ಕೇಳಿ, ಅದರ ಜೊತೆಗೆ ಇನ್ನೊಬ್ಬರಿಗಾಗಿಯೂ ಒಂದು ಕೇಳಿ. ಆಮೇಲೆ ಬಾಯಿ ಮುಚ್ಚಿ ಹತ್ತು ನಿಮಿಷ ಉಸಿರನ್ನು ನೋಡುತ್ತ ಕೂರಿ. ಮೊದಲ ವಾರ ಹೊಸದೆಂದು ಚೆನ್ನಾಗಿರುತ್ತದೆ, ಎರಡನೆಯ ವಾರ ಬೇಸರ ಬರುತ್ತದೆ, ಮೂರನೆಯ ವಾರ ಇದರಿಂದ ಏನು ಸಿಕ್ಕಿತು ಎಂಬ ಪ್ರಶ್ನೆ ಬರುತ್ತದೆ. ಆಗ ಬೇಕಾದರೆ ಹತ್ತು ನಿಮಿಷವನ್ನು ಐದಕ್ಕೆ ಇಳಿಸಿ. ದಿನ ಮಾತ್ರ ತಪ್ಪಿಸಬೇಡಿ.